ಬಾಯಿ ನೋಡಿ ಬರೆದ ಸೊನ್ನೆ

ಕೊಂಡಾಪುರದಲ್ಲಿ ಗಾಜಿನ ಕಟ್ಟಡಗಳು ನಾಯಿಕೊಡೆಗಳ ಹಾಗೆ ಏಳುತ್ತಿದ್ದ ವರ್ಷಗಳವು. ನಾನಾಗ ಹಲ್ಲಿನ ಡಾಕ್ಟರಿಕೆ ಮುಗಿಸಿ ಮುಂದಿನ ಡಿಗ್ರಿ ಓದುತ್ತಿದ್ದೆ. ಅಪ್ಪ ರೈಲ್ವೆಯವರು, ಮನೆ ಮಲ್ಕಾಜ್‌ಗಿರಿಯಲ್ಲಿ. ತೆಲುಗಿನವರ ಆ ಶಹರದಲ್ಲಿ ನಮ್ಮ ಮನೆಮಾತು ಕನ್ನಡ ಅನ್ನುವ ಒಂದೇ ಕಾರಣಕ್ಕೆ, ಗುಲಬರ್ಗಾ ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳು ಕಾಲೇಜಿನ ಸಮೀಕ್ಷೆಯಲ್ಲಿ ನನ್ನ ಪಾಲಿಗೆ ಬಂದವು.

ಮಾಡಬೇಕಾದದ್ದು ಇಷ್ಟೇ. ಐದು ವರ್ಷದೊಳಗಿನ ಮಕ್ಕಳ ಬಾಯಿ ನೋಡುವುದು, ಆಮೇಲೆ ಹಲ್ಲಿನ ದೆಸೆಯಿಂದ ಮಗುವಿನ ಊಟ, ನಿದ್ದೆ, ಆಟ ಎಷ್ಟು ಕೆಟ್ಟಿದೆ ಎಂದು ತಾಯಿಯನ್ನು ಕೇಳಿ ಅಂಕ ಹಾಕುವುದು. ತೊಂದರೆ ಹೆಚ್ಚಿದ್ದಷ್ಟೂ ಅಂಕ ಹೆಚ್ಚು. ಹೆಚ್ಚು ಅಂಕ ಬಂದ ಮಕ್ಕಳನ್ನು ಕಾಲೇಜಿನ ಆಸ್ಪತ್ರೆಗೆ ಕರೆಸಿ ಪುಕ್ಕಟೆ ಚಿಕಿತ್ಸೆ ಕೊಡುತ್ತಿದ್ದರು. "ಪ್ರಶ್ನೆ ಇದ್ದ ಹಾಗೇ ಓದು, ಉತ್ತರ ಬಂದ ಹಾಗೇ ಬರಿ. ಮಧ್ಯೆ ನಿನ್ನ ತಲೆ ಓಡಿಸಬೇಡ" ಎಂದು ನನ್ನ ಪ್ರಬಂಧದ ಗೈಡ್ ತಾಕೀತು ಮಾಡಿದ್ದರು.

ಅಂಥದೊಂದು ಶೆಡ್ಡಿನಲ್ಲಿ ಕಂಡ ಹುಡುಗಿಗೆ ನಾಲ್ಕು ವರ್ಷ. ಕೆಳಗಿನ ದವಡೆ ಹಲ್ಲು ಹುಳುಕು ಹಿಡಿದು ಬುಡವಷ್ಟೇ ಉಳಿದಿತ್ತು, ಪಕ್ಕದ ವಸಡಿನಲ್ಲಿ ಕೀವು. ಚಹಾದಲ್ಲಿ ಅದ್ದಿದ ರೊಟ್ಟಿಯನ್ನು ಒಂದೇ ಮಗ್ಗುಲಲ್ಲಿ ಮೆಲ್ಲುತ್ತ, ಇನ್ನೊಂದು ಕೆನ್ನೆಗೆ ಅಂಗೈ ಒತ್ತಿಕೊಂಡು ಕೂತಿದ್ದಳು.

"ಹಲ್ಲಿನಿಂದ ಮಗುವಿಗೆ ಊಟಕ್ಕೆ ತೊಂದರೆ ಆಗಿದೆಯೇ?" ತಾಯಿಗೆ ಓದಿ ಹೇಳಿದೆ.

"ಏನಿಲ್ರಿ, ಛಂದ ಉಣ್ತಾಳ."

"ನಿದ್ದೆಗೆ?"

"ಛಲೋ ಮಲಗ್ತಾಳ್ರಿ."

"ಶಾಲೆ ತಪ್ಪಿದೆಯೇ?"

"ಸಾಲಿಗಿ ಹಾಕೇ ಇಲ್ರಿ, ಎಲ್ಲಿಂದ ತಪ್ಪತೈತಿ?"

"ಇದಕ್ಕಾಗಿ ನೀವು ಕೆಲಸಕ್ಕೆ ರಜೆ ಹಾಕಿದ್ದೀರಾ?"

ಆಕೆ ನಕ್ಕೇಬಿಟ್ಟಳು. "ರಜಾ ಯಾರ ಕೊಡ್ತಾರ್ರಿ ಅಕ್ಕಾವ್ರೆ? ಒಂದಿನಾನೂ ಹಾಕಿಲ್ಲ."

ಎಲ್ಲಕ್ಕೂ ಸೊನ್ನೆ. ಕಾಗದದ ಪ್ರಕಾರ ಇಡೀ ಕೊಂಡಾಪುರದಲ್ಲಿ ಅಷ್ಟು ಸುಖವಾಗಿದ್ದ ಮಗು ಇನ್ನೊಂದಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಕಣ್ಣೆದುರೇ ಮಗು ನರಳುತ್ತಿರುವಾಗ ಈ ಹೆಂಗಸು ಹೀಗೆ ಸುಳ್ಳು ಹೇಳುತ್ತಾಳಲ್ಲ! ಗೈಡ್‌ಗೆ ಹೇಳಿದರೆ, "ತಾಯಿ ಹೇಳಿದ್ದೇ ಲೆಕ್ಕ" ಎಂದು ಹಾಳೆ ತಿರುವಿದರು. ಹುಡುಗಿಯ ಹೆಸರು ಚಿಕಿತ್ಸೆಯ ಪಟ್ಟಿಗೆ ಹೋಗಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ನನ್ನ ಪ್ರಬಂಧಕ್ಕೆ ಅವರ ಸಹಿ ಬೇಕಿತ್ತು.

ಸಮೀಕ್ಷೆಯ ನಿಯಮದಂತೆ ಹದಿನೈದು ದಿನ ಬಿಟ್ಟು ಅದೇ ತಾಯಂದಿರನ್ನು ಅದೇ ಪ್ರಶ್ನೆ ಕೇಳಬೇಕು, ಉತ್ತರ ಬದಲಾಗುತ್ತದೋ ಇಲ್ಲವೋ ನೋಡಬೇಕು. ಹಾಗಂತ ಮತ್ತೆ ಹೋದೆ. ಹುಡುಗಿಯ ಕೆನ್ನೆ ಕಣ್ಣಿನವರೆಗೂ ಊದಿತ್ತು, ಮೈ ಕಾದ ಹಂಚಾಗಿತ್ತು. ತಾಯಿ ನನ್ನನ್ನು ಕಂಡದ್ದೇ ಓಡಿ ಬಂದಳು.

"ಅಕ್ಕಾವ್ರೆ, ದವಾಖಾನಿಗಿ ಯಾವಾಗ ಕರೀತಾರ್ರಿ? ನೀವು ಬರಕೊಂಡು ಹೋಗೀರಿ ಅಂತ ನಾ ಬ್ಯಾರೆ ಕಡಿ ಎಲ್ಲೂ ತೋರಿಸಿಲ್ಲ."

ನಾನು ರೇಗಿಬಿಟ್ಟೆ. "ಏನೂ ತೊಂದ್ರಿ ಇಲ್ಲ ಅಂತ ನೀವೇ ಹೇಳಿದ್ರಲ್ಲಾ!"

ಆಕೆ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ಹಡೆದಾಕಿ ಕೂಸಿನ ಕೇಡು ತನ್ನ ಬಾಯಿಲೆ ಆಡ್ತಾಳೇನ್ರಿ? ಆಡಿದ್ರ ಹೆಚ್ಚಾಗ್ತೈತಿ. ಬಾಯಿ ತಗಸಿ ನೋಡಿದಾಕಿ ನೀವು. ನಿಮಗ ಕಂಡಿತ್ತಲ್ರಿ."

ನನಗೆ ಗೊತ್ತಿಲ್ಲದ ಮಾತೇನಲ್ಲ ಇದು. ಚಿಕ್ಕಂದಿನಲ್ಲಿ ನನಗೆ ಜ್ವರ ಏರಿ ಮಲಗಿದ್ದಾಗಲೂ, ಪಕ್ಕದ ಮನೆಯವರು ಕೇಳಿದರೆ ಅವ್ವ "ಆರಾಮ ಅದಾಳ" ಅನ್ನುತ್ತಿದ್ದಳು. ಅಂಥ ಮನೆಯಲ್ಲೇ ಬೆಳೆದವಳು ನಾನು. ಇಷ್ಟೆಲ್ಲ ಗೊತ್ತಿದ್ದೂ ಸೊನ್ನೆ ಬರೆದಿದ್ದೆ. ಅವತ್ತು ನನ್ನ ಮೇಲೆ ಬಂದಷ್ಟು ಸಿಟ್ಟು ನನಗೆ ಆಕೆಯ ಮೇಲಾಗಲಿ ಗೈಡ್ ಮೇಲಾಗಲಿ ಬಂದಿರಲಿಲ್ಲ.

ಪ್ರಶ್ನೆ ಕೇಳುವುದನ್ನು ಅಲ್ಲಿಗೇ ಬಿಟ್ಟು, ಆಟೊ ಹಿಡಿದು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದೆ. ಡ್ಯೂಟಿಯಲ್ಲಿದ್ದ ಡಾಕ್ಟರು ಮಗುವಿನ ಬಾಯಿ ತೆರೆಸಿದವರೇ, ಎಷ್ಟು ದಿನದಿಂದ ಹೀಗಿದೆ ಎಂದು ತೆಲುಗಿನಲ್ಲಿ ತಾಯಿಯನ್ನು ಕೇಳಿದರು. ಆಕೆ ತುಟಿ ಬಿಗಿದು ಮಗುವನ್ನು ಅವಚಿಕೊಂಡಳು. ನಾನೇ ಹೇಳಿದೆ, ಹದಿನೈದು ದಿನದ ಹಿಂದೆ ನೋಡಿದಾಗಲೇ ಕೀವಾಗಿತ್ತು ಎಂದು.

ಅವರು ತಲೆ ಎತ್ತಿದರು. "ನೀನೇ ನೋಡಿದ್ದೆಯಾ? ನೋಡಿ ಏನು ಮಾಡಿದೆ?"

"ಬರೆದುಕೊಂಡೆ ಸರ್" ಅಂದೆ.