ಕೈ ಹಿಡಿದರೂ ನಿಲ್ಲದ ನಡುಕ

ಮೊನ್ನೆ ನಮ್ಮ ಬೀದಿಯಲ್ಲಿ ಯಾರೋ ಹಳೆ ಗಾದಿ ಬಿಚ್ಚಿ ಹತ್ತಿ ಹಿಂಜಿಸುತ್ತಿದ್ದರು. ಆ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹರಿಹರದ ನನ್ನ ತವರುಮನೆಯ ಪಕ್ಕದ ಚಾಚಿ ಎದುರಿಗೆ ಬಂದು ನಿಂತಂತಾಯಿತು. ಅವಳ ಮನೆಯವರು ಗಾದಿ ಹೊಲಿಯುತ್ತಿದ್ದರು. ಅವಳ ತಲೆಗೂದಲಲ್ಲಿ ಸದಾ ಹತ್ತಿಯ ಎಳೆ. ದನಿ ಮಾತ್ರ ಹತ್ತಿಯಂತಿರಲಿಲ್ಲ. ಮಕ್ಕಳನ್ನು ಊಟಕ್ಕೆ ಕೂಗಿದರೆ ಹೊಳೆದಂಡೆಯಲ್ಲಿದ್ದವರೂ ತಿರುಗಿ ನೋಡಬೇಕು, ಹಾಗೆ...

ಅರವತ್ತರ ದಶಕ. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದೆ. ಮಗಳನ್ನು ತೊಟ್ಟಿಲಿಗೆ ಹಾಕಿದ ಹೊಸತು. ಅಂದು ಬೆಳಗಿನಿಂದ ಕೂಸು ಮೊಲೆ ಹಿಡಿಯಲಿಲ್ಲ. ಮೈ ಬಿಸಿಯಿತ್ತು, ಅಳುವುದಕ್ಕೂ ತ್ರಾಣವಿರಲಿಲ್ಲ. ಮಧ್ಯಾಹ್ನ ನನ್ನ ತೊಡೆಯ ಮೇಲಿದ್ದಾಗ ಎರಡೂ ಕಣ್ಣು ಒಂದೇ ಮಗ್ಗುಲಿಗೆ ನೆಟ್ಟವು. ಬಾಯಲ್ಲಿ ಏನೂ ಇಲ್ಲದೆ ಚಪ್ಪರಿಸತೊಡಗಿತು. ಎಡಗೈ ಒಂದೇ ಸಮನೆ ಜಗ್ಗುತ್ತಿತ್ತು.

"ಕನಸು ಕಾಣ್ತೈತೆ ಬಿಡು," ಎಂದಳು ಅವ್ವ. ಅಷ್ಟರಲ್ಲಿ ಕೂಸಿನ ತುಟಿ ನೀಲಿಗಟ್ಟಿತು. "ಬಾಲಗ್ರಹ!" ಎಂದವಳೇ ಬರೆ ಹಾಕಲು ಅರಿಸಿನ ಕೊಂಬನ್ನು ಒಲೆಯ ಕೆಂಡಕ್ಕಿಟ್ಟಳು. ಆಗ ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದುದು ಅದನ್ನೇ.

ನನ್ನ ಚೀರಾಟ ಕೇಳಿ ಚಾಚಿ ಓಡಿ ಬಂದಳು. ಕೂಸಿನ ಜಗ್ಗುವ ಕೈಯನ್ನು ಅಂಗೈಯಲ್ಲಿ ಮೆಲ್ಲಗೆ ಹಿಡಿದು ನೋಡಿದಳು.

"ಬೆಚ್ಚಿ ನಡುಗಿದ್ರೆ ಹಿಡಿದ ಕೂಡ್ಲೆ ನಿಲ್ತೈತೆ. ಇದು ಹಿಡಿದ್ರೂ ನಿಲ್ಲವಲ್ದು. ಫಿಟ್ಸ್ ಇದು, ಅಕ್ಕಾ. ನನ್ನ ಮೊದಲನೇ ಕೂಸಿಗೂ ಹಿಂಗೇ ಆಗಿತ್ತು. ನಾವು ಬರೆ ಹಾಕ್ತಾ ಕುಂತ್ವಿ..."

ಕೆಂಡದಿಂದ ಕೊಂಬನ್ನೆತ್ತಿದ ಇಕ್ಕಳ ಅವ್ವನ ಕೈಯಲ್ಲೇ ನಿಂತಿತು. ಆ ಕೂಸು ಮಣ್ಣಿಗೆ ಹೋದ ದಿನ ಚಾಚಿಯನ್ನು ತಬ್ಬಿಕೊಂಡು ಕೂತವಳು ಅವಳೇ. ಕೊಂಬನ್ನು ಅಂಗಳಕ್ಕೆಸೆದು ನನ್ನ ತಲೆಗೆ ಶಾಲು ಸುತ್ತಿದಳು. "ನಡೀರಿ, ದಾವಣಗೆರಿಗೆ."

"ಬಾಯಿಗೆ ನೀರು ಗೀರು ಏನೂ ಬಿಡಬ್ಯಾಡ್ರಿ. ಮಗ್ಗುಲಾಗಿ ಹಿಡ್ಕೋ," ಎಂದು ಚಾಚಿ ನನಗೆ ತೋರಿಸಿಕೊಟ್ಟಳು.

ಬಸ್ಸು ಹೋಗಿಬಿಟ್ಟಿತ್ತು. ದಾವಣಗೆರೆಯ ಮಿಲ್ಲಿಗೆ ಹತ್ತಿ ಹೊತ್ತ ಲಾರಿಯೊಂದು ಬರುತ್ತಿತ್ತು. ಚಾಚಿ ಸೆರಗು ಸೊಂಟಕ್ಕೆ ಬಿಗಿದು ನಡುರಸ್ತೆಯಲ್ಲಿ ನಿಂತಳು. ಬ್ರೇಕು ಕಿರುಚಿತು.

"ಏನಮ್ಮಾ, ಸಾಯ್ಬೇಕಂತ ಬಂದೀಯೇನು?"

"ನಾನಲ್ಲಪ್ಪ, ಕೂಸು ಸಾಯ್ತೈತೆ. ಬಾಗಿಲು ತೆಗಿ!"

ಆ ಪುಣ್ಯಾತ್ಮ ಬಾಗಿಲು ತೆಗೆದ. ನಮ್ಮನ್ನು ಆಸ್ಪತ್ರೆಯ ಬಾಗಿಲಿಗೇ ತಂದು ಇಳಿಸಿದ.

ಡಾಕ್ಟರ್ ಕೇಳಿದ್ದಕ್ಕೆಲ್ಲ ನಾನು ಅಳುತ್ತಿದ್ದೆ, ಚಾಚಿ ಉತ್ತರ ಕೊಟ್ಟಳು: ಯಾವ ಕೈ, ಕಣ್ಣು ಯಾವ ಕಡೆ, ಹಾಲು ಬಿಟ್ಟದ್ದು ಯಾವಾಗಿನಿಂದ. ಇಂಜೆಕ್ಷನ್ ಕೊಟ್ಟ ಮೇಲೆ ಸೆಳೆತ ನಿಂತಿತು. "ಮೆದುಳಿಗೆ ಸೋಂಕು ತಗಲಿದೆ. ಎಳೆಗೂಸಿಗೆ ಹೀಗಾದಾಗ ನಾಳೆ ನೋಡೋಣ ಅನ್ನಬಾರದು. ಒಳ್ಳೆಯ ಹೊತ್ತಿಗೆ ತಂದಿದ್ದೀರಿ," ಎಂದರು ಡಾಕ್ಟರ್.

ಆಮೇಲೆ ಎಷ್ಟೋ ಸೂಜಿ, ಎಷ್ಟೋ ಹರಕೆ... ಒಂದು ಬೆಳಿಗ್ಗೆ ಮಗಳು ತಾನಾಗಿ ಬಾಯಿ ತೆರೆದು ಮೊಲೆ ಹಿಡಿದಳು. "ಕುಡೀತೈತೆ! ಅಕ್ಕಾ, ಕೂಸು ಕುಡೀತೈತೆ!" ಎಂದು ಚಾಚಿ ಕೂಗಿದ ಕೂಗಿಗೆ ಇಡೀ ವಾರ್ಡು ಎದ್ದು ಕೂತಿತು. ಗದರಿಸಲು ಬಂದ ನರ್ಸಮ್ಮ ತಾನೂ ನಿಂತು ನೋಡಿ ನಕ್ಕಳು. ಅವ್ವ ಚಾಚಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಊರಿಗೆ ಬಂದ ಮೇಲೆ ಅವ್ವ, ಚಾಚಿ ಇಬ್ಬರದೂ ಒಂದೇ ಮಾತು: ಬರೆ ಬ್ಯಾಡ, ಆಸ್ಪತ್ರೆಗೆ ನಡೀರಿ. ಸುತ್ತಲ ಹಳ್ಳಿಗಳಾದ ಕೊಕ್ಕನೂರು, ಸಾರಥಿ ಕಡೆಯಿಂದ ಯಾರಾದರೂ ಬರೆ ಹಾಕಿಸಲು ಕೂಸನ್ನು ನಮ್ಮೂರಿಗೆ ತಂದರೆ, ಅವರನ್ನು ಬಯ್ದು ದಾವಣಗೆರೆ ಬಸ್ಸು ಹತ್ತಿಸುತ್ತಿದ್ದವಳು ಅವ್ವ. ಜೊತೆಗೆ ಹೋಗುತ್ತಿದ್ದವಳು ಚಾಚಿ. ಹಾಗೆ ಹೋದ ಕೂಸುಗಳಲ್ಲಿ ಎಷ್ಟೋ ನಗುತ್ತಾ ತಿರುಗಿ ಬಂದವು.

ಈಗ ಅವರಿಬ್ಬರೂ ಇಲ್ಲ. ಮಗಳಿಗೆ ಅರವತ್ತು ತುಂಬಿದ ದಿನ ಮೊಮ್ಮಕ್ಕಳು ಹೋಳಿಗೆ ಊಟ ಹಾಕಿಸಿದರು. ಬಡಿಸಲು ನಾನೇ ಎದ್ದೆ. ಮೊದಲ ಹೋಳಿಗೆ ಚಾಚಿಯ ಎಲೆಗೆ ಬೀಳಬೇಕಿತ್ತೆಂದು ನನ್ನ ಕೈಗೆ ಗೊತ್ತಿತ್ತು... ಸ್ವಲ್ಪ ಹೊತ್ತು ಹಾಗೆಯೇ ಹಿಡಿದು ನಿಂತೆ. ಆಮೇಲೆ ಮಗಳ ಎಲೆಗೇ ಬಡಿಸಿದೆ.