ಹೆಳವಪ್ಪ ತಂದ ಮನೆಅಳಿಯ

ಅವನ ಬಲಗಿವಿಯ ಹಿಂದೆ ಹುಣಸೆಬೀಜದಷ್ಟು ದೊಡ್ಡ ನೀಲಿ ಕಲೆ ಇತ್ತು. ಬಾಲ್‌ಪೆನ್ನನ್ನು ಅಲ್ಲೇ ಸಿಕ್ಕಿಸಿ ಸಿಕ್ಕಿಸಿ, ಅದು ಬಿಸಿಲಿಗೆ ಸೋರಿ ಸೋರಿ, ಚರ್ಮಕ್ಕೇ ಇಳಿದುಬಿಟ್ಟ ಮಸಿ. ನಮ್ಮ ಮನೆಯ ಹೆಳವ ಅವನು. ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬಂದು, ತಲೆತಲಾಂತರದ ಹೆಸರುಗಳನ್ನು ಓದಿ ಹೇಳಿ, ಜೋಳ ಪಡೆದು ಹೋಗುವ ಕಸುಬು. ನಾವು ಹೆಳವಪ್ಪ ಎನ್ನುತ್ತಿದ್ದೆವು. ಓದಿ ಮುಗಿಸಿದಾಗಲೆಲ್ಲ ಪುಸ್ತಕವನ್ನು ಹಣೆಗೊತ್ತಿಕೊಂಡು, "ಬಾಯಿ ಸುಳ್ಳು ಹೇಳಬಹುದ್ರಿ, ಬುಕ್ಕು ಹೇಳಂಗಿಲ್ಲ" ಎನ್ನುತ್ತಿದ್ದ.

ನನಗೇನೂ ನಂಬಿಕೆ ಇರಲಿಲ್ಲ. ಅನುಮಾನವೇ ನಮ್ಮ ಮನೆತನದ ಆಸ್ತಿ. ಅಪ್ಪ ಗಡಿಯಾರವನ್ನೂ ನಂಬದೆ ಹೊರಗೆ ಬಂದು ಬಿಸಿಲು ನೋಡುತ್ತಿದ್ದ. ಒಂದು ವರ್ಷ ನಮ್ಮ ಮೂಲ ಉಚ್ಚಂಗಿದುರ್ಗ ಎಂದ ಹೆಳವಪ್ಪ, ಇನ್ನೊಂದು ವರ್ಷ ಮಾಗಳದಿಂದ ಬಂದವರು ಎಂದ. ಹಿಡಿದು ಕೇಳಿದರೆ, "ದುರ್ಗದಿಂದ ಹೊಂಟವ್ರು ಮಾಗಳದಾಗ ಬುತ್ತಿ ಬಿಚ್ಚಿರಬೇಕು ತಮ್ಮಾ. ಉಣ್ಣೋದ್ರಾಗ ಒಂದು ತಲಿ ಕಳೀತು" ಎಂದು ನಕ್ಕುಬಿಟ್ಟ. ಇಂಥವನನ್ನು ಹೇಗೆ ನಂಬುವುದು!

ಎರಡು ಸಾವಿರದ ಸುಮಾರಿಗೆ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಅಂಗಡಿ ಹಾಕಿದೆ. ಲಗ್ನಪತ್ರಿಕೆ, ಅರ್ಜಿ, ಟೈಪಿಂಗ್ ಕ್ಲಾಸು. ಬಿಡುವಿನಲ್ಲಿ ನಮ್ಮ ವಂಶವೃಕ್ಷ ಮಾಡುವ ಹುಚ್ಚು ಹಿಡಿಯಿತು. ಪುಸ್ತಕ ಒಂದು ದಿನ ಕೊಡು, ಸ್ಕ್ಯಾನ್ ಮಾಡಿ ತಿರುಗಿ ಕೊಡುತ್ತೇನೆ ಎಂದರೆ ಹೆಳವಪ್ಪ ಅದನ್ನು ಎದೆಗವಚಿಕೊಂಡ.

"ನಿನ್ನ ಮಿಷನ್ನು ಎಲ್ಲಾ ನುಂಗಿದ ಮ್ಯಾಲೆ ನನಗ್ಯಾಕ ಜ್ವಾಳ ಹಾಕ್ತೀರಿ? ಬಾಯಿಲೆ ಹೇಳ್ತೀನಿ, ಬರ್ಕ."

ಬರೆದುಕೊಂಡೆ. ಕೆಳಗೆ ನಾನು, ನನ್ನ ಮೇಲೆ ಏಳು ತಲೆ, ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ನಮ್ಮ ಬೆಡಗು, ಅಂದರೆ ಗೋತ್ರವಿದ್ದ ಹಾಗೆ. ಗಾಜಿನ ಕಟ್ಟು ಹಾಕಿಸಿ ತಂಬ್ರಹಳ್ಳಿಯ ಮನೆಯ ಪಡಸಾಲೆಯಲ್ಲಿ ತೂಗುಹಾಕಿದೆ.

ಅದೇ ನನ್ನ ಕುತ್ತಿಗೆಗೆ ಬಂತು. ಟೈಪಿಂಗ್ ಕಲಿಯಲು ಬರುತ್ತಿದ್ದ ಹುಡುಗಿಯೊಬ್ಬಳನ್ನು ಮೆಚ್ಚಿದ್ದೆ, ಅವಳೂ ಒಪ್ಪಿದ್ದಳು. ಹಿರಿಯರು ಮಾತಾಡಿ, ಹರಪನಹಳ್ಳಿ ಕಡೆಯಿಂದ ಅವರಪ್ಪ ಮನೆ ನೋಡಲು ಬಂದರು. ನೀರು ಕುಡಿಯುತ್ತ ಗೋಡೆಯ ಮೇಲಿನದನ್ನು ಓದಿದವರು ಚೊಂಬು ಕೆಳಗಿಟ್ಟರು.

"ನಿಮ್ದೂ ಇದೇ ಬೆಡಗೇನ್ರಿ? ನಮ್ದೂ ಇದೇ. ಹಂಗಾರೆ ಇವರಿಬ್ರು ಅಣ್ಣ-ತಂಗಿ ಆದ್ರಲ್ರೀ!"

ಒಂದೇ ಬೆಡಗಿನೊಳಗೆ ಮದುವೆ ಇಲ್ಲ. ನಮ್ಮಪ್ಪ ಮನೆತನದ ಅಡ್ಡಹೆಸರನ್ನೇ ಬೆಡಗೆಂದು ತಿಳಿದು, ಮೊದಲ ಮಾತುಕತೆಯಲ್ಲಿ ಅದನ್ನೇ ಹೇಳಿದ್ದ. ಹಾಗೆ ಮರೆಯಾಗಿದ್ದುದನ್ನು ದಪ್ಪಕ್ಷರದಲ್ಲಿ ತೋರಿಸಿದವನು ನಾನು. ಮರುದಿನದಿಂದ ಹುಡುಗಿ ಕ್ಲಾಸಿಗೆ ಬರುವುದು ನಿಂತಿತು.

ಹೆಳವಪ್ಪನನ್ನು ಹುಡುಕಿಕೊಂಡು ಕೊಟ್ಟೂರಿಗೆ ಹೋದೆ. ಬೇವಿನ ಗಿಡದ ಕೆಳಗೆ ಎತ್ತಿಗೆ ನೀರು ಕುಡಿಸುತ್ತಿದ್ದ. "ನೀ ಹೇಳಿದ ಬೆಡಗು ಖರೇನಾ, ಬಾಯಿಗೆ ಬಂದದ್ದಾ?" ಎಂದು ಜಗಳಕ್ಕೇ ನಿಂತೆ. ಅವನು ಸಿಟ್ಟಾಗಲಿಲ್ಲ.

"ಹುಡುಗಿ ಏನಂತಾಳ?"

"ಅಳಾಕ ಹತ್ಯಾಳಂತ."

"ನಾಡದ್ದು ಅವರನ್ನ ಕರಸು. ಬುಕ್ಕು ತರ್ತೀನಿ."

ಬಂದ. ಎರಡೂ ಮನೆಯವರ ಮುಂದೆ, ನನ್ನ ಕಟ್ಟಿನ ಕಡೆ ತಿರುಗಿಯೂ ನೋಡದೆ, ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿ ಓದಿದ.

"ಮ್ಯಾಲಿಂದ ಮೂರನೇ ತಲಿಯಾಗ ಗಂಡುಸಂತಾನ ಇಲ್ಲ. ಮಗಳಿಗೆ ಮನಿಅಳಿಯನ್ನ ತಂದಾರ. ಅಳಿಯನ ಬೆಡಗು ಬ್ಯಾರೆ."

ಅಂದರೆ ಮನೆ ಮಗಳದು, ಬೆಡಗು ಅಳಿಯನದು; ಹಾಗಾಗಿ ನಾನೂ ಹುಡುಗಿಯೂ ಒಂದೇ ಬೆಡಗಿನವರಲ್ಲ. ಹುಡುಗಿಯ ಅಪ್ಪನ ಮುಖ ಸಡಿಲಾಯಿತು. ನಮ್ಮಪ್ಪನದು ಕೆಂಪಾಯಿತು.

"ನಮ್ಮ ಹಿರ್ಯಾ ಮನಿಅಳಿಯ ಆಗಿದ್ನಾ? ಇಷ್ಟು ವರ್ಷ ಯಾಕ ಓದಲಿಲ್ಲಲೇ ಇದನ್ನ?"

"ಹೆಂಡ್ತಿ ಮನಿ ಕೂಳು ಉಂಡವ್ರ ವಂಶ ಅಂತ ಮಂದಿ ಮುಂದ ಓದಿದ್ರ, ನೀವು ಜ್ವಾಳ ಹಾಕ್ತಿದ್ರೇನು ಯಜಮಾನ್ರ? ನುಂಗಿಕೊಂಡಿದ್ದೆ."

ಮದುವೆ ಆಯಿತು. "ಆ ಹೆಳವಗ ಏನು ಕೊಟ್ಟೀಲೇ?" ಎಂದು ಅಪ್ಪ ಕೇಳುವುದು ಮಾತ್ರ ನಿಲ್ಲಲಿಲ್ಲ. ದೇವರಾಣೆಗೂ ಒಂದು ಕಪ್ ಚಹಾ ಸಹ ಕುಡಿಸಿರಲಿಲ್ಲ ನಾನು. ಆದರೂ ಒಳಗೊಳಗೇ ಹುಳ ಕೊರೆಯುತ್ತಿತ್ತು. ಮಗಳು ಹುಟ್ಟಿದ ವರ್ಷ ಹೆಳವಪ್ಪ ಬಂದಾಗ, ಆ ಮನೆಅಳಿಯ ನಿಜವಾಗಿ ಇದ್ದನೇ ಎಂದು ಕೇಳಿಯೇಬಿಟ್ಟೆ. ಅವನು ಕಿವಿಯಿಂದ ಪೆನ್ನು ತೆಗೆದ.

"ಕೂಸಿನ ಹೆಸರು ಬರ್ಕೊಳ್ಳಾಕ ಬಂದೀನಿ. ಅಷ್ಟು ಹೇಳು, ಸಾಕು."

ಎರಡು ವರ್ಷದ ಮೇಲೆ ಹೆಳವಪ್ಪ ತೀರಿಕೊಂಡ. ಅವನ ಮಗ ಪುಸ್ತಕ ಹಿಡಿದುಕೊಂಡು ಮೊಪೆಡ್ಡಿನಲ್ಲಿ ಅಂಗಡಿಗೆ ಬಂದ. ಪುಸ್ತಕಕ್ಕೆ ಗೆದ್ದಲು ಹತ್ತಿತ್ತು. "ಸ್ಕ್ಯಾನ್ ಮಾಡಿ ಸೀಡಿಗೆ ಹಾಕಿಕೊಡ್ರಿ. ಇದನ್ನ ಮಾಗಳದಾಗ ಹೊಳಿಗೆ ಬಿಡ್ತೀನಿ" ಎಂದು ಹೇಳಿ ಚಹಾಕ್ಕೆ ಹೋದ.

ಹಾಳೆ ತಿರುವುತ್ತ ನಮ್ಮ ಮನೆತನಕ್ಕೆ ಬಂದೆ. ಅಜ್ಜನ ತನಕದ ಹೆಸರುಗಳೆಲ್ಲ ಕಂದಿದ ಕಪ್ಪು ಮಸಿಯವು. ಮೂರನೇ ತಲೆಯ ಕೆಳಗೆ, ಎರಡು ಸಾಲುಗಳ ಸಂದಿಯಲ್ಲಿ ಇಕ್ಕಟ್ಟಾಗಿ ಕೂತಿದ್ದ ಮನೆಅಳಿಯ ಮಾತ್ರ ನೀಲಿ. ಕಟ್ಟಕಡೆಗಿದ್ದ ನಮ್ಮ ಮಗಳ ಹೆಸರೂ ಅದೇ ನೀಲಿ. ಯಾರ ಕೈಗೂ ಪುಸ್ತಕ ಕೊಡದ ಮನುಷ್ಯ, ನನಗೋಸ್ಕರ ಅದರೊಳಗೆ ಒಬ್ಬನನ್ನು ಹುಟ್ಟಿಸಿ ಕೂರಿಸಿದ್ದ. ನನಗೆ ಅಳು ಬಂತು.

ಅಂಗಡಿಯಲ್ಲಿ ಪಕ್ಕಕ್ಕೇ ಕೂತು ಟೈಪ್ ಮಾಡುತ್ತಿದ್ದ ಹೆಂಡತಿ ಬಗ್ಗಿ ಆ ನೀಲಿ ಸಾಲನ್ನು ನೋಡಿದಳು. "ಬಣ್ಣದಾಗ ಬ್ಯಾಡ. ಕಪ್ಪು-ಬಿಳುಪಿನಾಗ ತಗೀರಿ" ಎಂದಳು.

ಹಾಗೇ ತೆಗೆದೆ. ಪರದೆಯ ಮೇಲೆ ಎಲ್ಲ ತಲೆಗಳಿಗೂ ಒಂದೇ ಮಸಿ ಬಂತು. ಹೆಳವಪ್ಪನ ಮಗ ಬಂದು ಬಗ್ಗಿ ನೋಡಿದ.

"ಅಪ್ಪ ಬರದದ್ದು ಎಲ್ಲಾ ಖರೇ ಐತೇನ್ರಿ?"

"ಖರೇ ಐತಿ ತಮ್ಮಾ. ಬುಕ್ಕು ಸುಳ್ಳು ಹೇಳಂಗಿಲ್ಲ" ಎಂದೆ.