ಗೋಡೆಗೊಂದು ಸೇವಂತಿಗೆ

ನರಗುಂದದಲ್ಲಿ ಇನ್ನೂ ಅರಸೊತ್ತಿಗೆ ಇದ್ದ ಕಾಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಶೇಖವ್ವನ ಮನೆಯಷ್ಟು ಬರಿದಾದ ಮನೆ ಇನ್ನೊಂದಿರಲಿಲ್ಲ. ಮಗ್ಗ, ಒಲೆ, ಚಾಪೆ, ಸುಣ್ಣ ಬಳಿದ ಗೋಡೆ. ಅದು ಬಡತನವಲ್ಲ, ಅವಳ ಹಟ. "ಮನಿ ಅಂದ್ರ ಉಗ್ರಾಣ ಅಲ್ಲ" ಎಂದು ಬಂದವರ ಮುಖಕ್ಕೇ ಹೇಳುತ್ತಿದ್ದಳು.

ಗಂಡ ತೀರಿದ ಮೇಲೆ ಮಗ್ಗವನ್ನು ಅವಳೇ ನಡೆಸಿದಳು. ಆದರೆ ದಿನಾ ಮನೆಮನೆಗೆ ಹೂವು ತರುತ್ತಿದ್ದ ಹೂಗಾರರ ಹೂವಪ್ಪ ಈಗ ಅವಳ ಬಾಗಿಲು ದಾಟಿ ಹೋಗತೊಡಗಿದ. ವಿಧವೆ ಹೂವು ಮುಡಿಯುವಂತಿರಲಿಲ್ಲವಲ್ಲ. ಒಂದು ಬೆಳಿಗ್ಗೆ ಶೇಖವ್ವ ಅವನನ್ನು ತಡೆದು ನಿಲ್ಲಿಸಿದಳು.

"ಒಂದು ಸೇವಂತಿಗಿ ಕೊಡು. ದಂಟು ಮುರೀಬ್ಯಾಡ."

"ಯಾರಿಗವ್ವಾ?" ಹೂವಪ್ಪ ತಡವರಿಸಿದ.

"ಗ್ವಾಡಿಗೆ."

"ಒಂದ ಸಾಕೇನು? ಮಾಲಿ ಕಟ್ಟಿಕೊಡ್ಲೇನು?"

"ಗ್ವಾಡಿಗೆ ಕೊರಳೆಲ್ಲೈತೋ?"

ಗಂಡ ಮಗ್ಗಕ್ಕೆಂದು ಎಣ್ಣೆ ಇಡುತ್ತಿದ್ದ ಪುಟ್ಟ ಕುಡಿಕೆಯನ್ನು ತೊಳೆದು, ನೀರು ತುಂಬಿ, ಆ ಒಂದೇ ಹೂವನ್ನು ದಂಟು ಸಮೇತ ನಿಲ್ಲಿಸಿ ಮಗ್ಗದೆದುರಿನ ಗೋಡೆಯ ಗೂಡಿನಲ್ಲಿಟ್ಟಳು. ಬಿಳಿ ಗೋಡೆಯಲ್ಲಿ ಹಳದಿ ಎದ್ದು ಕಂಡಿತು. ಲಾಳಿ ಎಸೆಯುತ್ತ ತಲೆ ಎತ್ತಿದಾಗಲೆಲ್ಲ ಅದು ಎದುರಿಗಿರುತ್ತಿತ್ತು. ಅವಳಿಗೆ ಅಷ್ಟು ಸಾಕಿತ್ತು. ಆಮೇಲೆ ಹೂವಪ್ಪ ಬುಟ್ಟಿಯಲ್ಲಿ ಉದ್ದ ದಂಟಿನದೊಂದನ್ನು ಗೋಡೆಗೆಂದೇ ಬೇರೆಯಾಗಿ ಇಟ್ಟುಕೊಂಡು ಬರತೊಡಗಿದ.

ಸುದ್ದಿ ಕೇಳಿ ಗಂಡನ ಅಣ್ಣ ಗುರುಸಂಗಪ್ಪ ಬಂದು ಬಾಗಿಲಲ್ಲೇ ಗುಡುಗಿದ: "ಗಂಡ ಇಲ್ಲದಾಕಿಗೆ ಹೂವು ಯಾಕ ಬೇಕು?"

"ತಲಿಗೆ ಬ್ಯಾಡಂದ್ರಿ, ಮುಡೀಲಿಲ್ಲ. ಕಣ್ಣಿಗೂ ಬ್ಯಾಡೇನ್ರಿ?" ಎಂದಳು ಶೇಖವ್ವ, ಲಾಳಿ ನಿಲ್ಲಿಸದೆ.